ಫ್ರೆಂಚ್ ವೈನ್ ಲೇಬಲ್ ಓದುವುದು ಹೇಗೆ: ಮೊದಲು ಊರು, ಆಮೇಲೆ ಉಳಿದದ್ದು

ಪ್ಯಾರಿಸ್‌ನಿಂದ ಬಂದ ಅಕ್ಕ-ಭಾವ ಒಂದು ಬಾಟಲಿ ತಂದುಕೊಟ್ಟಿರುತ್ತಾರೆ. ಇಲ್ಲವೇ ನೀವೇ ಡ್ಯೂಟಿ ಫ್ರೀ ಅಂಗಡಿಯ ಕಪಾಟಿನ ಮುಂದೆ ನಿಂತಿರುತ್ತೀರಿ. ಲೇಬಲ್ ಮೇಲೆ ದೊಡ್ಡ ಬಂಗಲೆಯ ಚಿತ್ರ, ಸುರುಳಿ ಸುರುಳಿ ಅಕ್ಷರ, ಒಂದು ಇಸವಿ. ದ್ರಾಕ್ಷಿ ಯಾವುದು ಅಂತ ಎಲ್ಲೂ ಬರೆದಿಲ್ಲ. ಆಗ ನನಗೊಂದು ಫೋಟೋ ಬರುತ್ತದೆ: "ಇದು ಯಾವ ವೈನ್? ಒಳ್ಳೆಯದಾ? ಸಿಹಿ ಇರುತ್ತಾ?" ಈ ಮೂರು ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇವೆ. ಅದಕ್ಕೇ ಒಮ್ಮೆ ಕೂತು ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಒಂದು ವಿಷಯ ಮನಸ್ಸಿನಲ್ಲಿ ಕೂತರೆ ಉಳಿದದ್ದು ಸುಲಭ. ಫ್ರೆಂಚ್ ಲೇಬಲ್ ಅಂದರೆ ವಿಳಾಸ. ಅಲ್ಲಿ ವೈನಿಗೆ ಹೆಸರು ಬರುವುದು ಊರಿನಿಂದ. ನಮ್ಮಲ್ಲಿ ನಂಜನಗೂಡು ರಸಬಾಳೆ, ಬ್ಯಾಡಗಿ ಮೆಣಸಿನಕಾಯಿ ಅಂದರೆ ಸಾಕು, ಬಣ್ಣ, ರುಚಿ, ಖಾರ ಎಲ್ಲ ಕಣ್ಣ ಮುಂದೆ ಬರುತ್ತದೆ ಅಲ್ವಾ? ಸಾನ್ಸೆರ್ ಅಂದಾಗ ಫ್ರೆಂಚರಿಗೂ ಹಾಗೇ. ಆ ಊರಿನ ಬಿಳಿ ವೈನ್ ಅಂದರೆ ಸೊವಿನ್ಯೋಂ ಬ್ಲಾಂ ದ್ರಾಕ್ಷಿ ಅಂತ ಅವರಿಗೆ ಗೊತ್ತು. ಲೇಬಲ್ ಮೇಲೆ ಅದನ್ನು ಬರೆಯಬೇಕು ಅಂತ ಅನ್ನಿಸುವುದೇ ಇಲ್ಲ.

ಶುರು ಮಾಡುವ ಮೊದಲು

ಬಾಟಲಿ ಕೈಯಲ್ಲಿರಲಿ, ಒಳ್ಳೆಯ ಬೆಳಕಿರಲಿ, ಫೋನಿನಲ್ಲಿ ಫ್ರಾನ್ಸಿನ ನಕ್ಷೆ ತೆರೆದಿರಲಿ. ಮುಂದಿನ ಲೇಬಲ್ ಜೊತೆಗೆ ಹಿಂದಿನದನ್ನೂ ನೋಡಿ. ಸಣ್ಣ ಅಕ್ಷರದ ಉಪಯುಕ್ತ ಮಾಹಿತಿ ಜಾಸ್ತಿ ಇರುವುದು ಹಿಂದೆಯೇ. ಬೆಂಗಳೂರಿನಲ್ಲಿ ಕೊಂಡ ಬಾಟಲಿಯಾದರೆ ಹಿಂದೆ ಆಮದು ಮಾಡಿಕೊಂಡವರ ಚೀಟಿಯೂ ಅಂಟಿರುತ್ತದೆ. ಕೆಲವು ಸಲ ಅದು ಮೂಲ ಲೇಬಲನ್ನೇ ಅರ್ಧ ಮುಚ್ಚಿರುತ್ತದೆ. ಅಂಚಿನಿಂದ ಇಣುಕಿ ನೋಡಿ.

ಉಚ್ಚಾರದ ಬಗ್ಗೆಯೂ ಒಂದು ಮಾತು. ಇಲ್ಲಿ ಹೆಸರುಗಳನ್ನು ಹೆಚ್ಚುಕಡಿಮೆ ಬಾಯಲ್ಲಿ ಹೇಳುವ ಹಾಗೆ ಬರೆದಿದ್ದೇನೆ. ಬಾಟಲಿ ಮೇಲೆ ಅಕ್ಷರಗಳು ಜಾಸ್ತಿ ಇರುತ್ತವೆ. ಫ್ರೆಂಚಿನಲ್ಲಿ ಪದದ ಕೊನೆಯ ಅಕ್ಷರ ಎಷ್ಟೋ ಸಲ ಬಾಯಿಗೇ ಬರುವುದಿಲ್ಲ. ಬೋರ್ಡೋ ಹೆಸರಿನ ಕೊನೆಗೆ ಎಕ್ಸ್ ಇದೆ, ಓದುವಾಗ ಇಲ್ಲ.

ಹಂತ 1: 'ಆಪೆಲಾಸಿಯೋಂ' ಸಾಲು ಹುಡುಕಿ

ದೊಡ್ಡ ಅಕ್ಷರದ ಹೆಸರನ್ನು ಸದ್ಯಕ್ಕೆ ಬಿಡಿ. ಅದರ ಕೆಳಗೆ ಸಣ್ಣದಾಗಿ 'ಆಪೆಲಾಸಿಯೋಂ' ಎಂದು ಶುರುವಾಗಿ 'ಕೋಂತ್ರೋಲೆ' ಎಂದು ಮುಗಿಯುವ ಸಾಲು ಇದೆಯಾ ನೋಡಿ. ಆಪೆಲಾಸಿಯೋಂ ಅಂದರೆ ಕಾನೂನು ಕಾಪಾಡುವ ಊರಿನ ಹೆಸರು. ಕೋಂತ್ರೋಲೆ ಅಂದರೆ ನಿಯಂತ್ರಣಕ್ಕೆ ಒಳಪಟ್ಟದ್ದು. ಈ ಎರಡು ಪದಗಳ ನಡುವೆ ಇರುವುದೇ ನಿಮ್ಮ ವೈನಿನ ವಿಳಾಸ. 'ಆಪೆಲಾಸಿಯೋಂ ಮಾರ್ಗೋ ಕೋಂತ್ರೋಲೆ' ಅಂತಿದ್ದರೆ ಮಾರ್ಗೋ. ಅಷ್ಟೇ.

ಫ್ರಾನ್ಸಿನ ವೈನುಗಳೆಲ್ಲ ಮೂರು ಗುಂಪಿನಲ್ಲಿ ಬರುತ್ತವೆ.

ಎಒಸಿ: ಈಗ ಹೇಳಿದ 'ಆಪೆಲಾಸಿಯೋಂ ... ಕೋಂತ್ರೋಲೆ' ಸಾಲಿನ ಚಿಕ್ಕ ರೂಪವೇ ಇದು. ಎಲ್ಲಕ್ಕಿಂತ ಬಿಗಿ. ಇದರ ಯುರೋಪಿಯನ್ ರೂಪ ಎಒಪಿ. ಲೇಬಲ್ ಮೇಲೆ ಎರಡರಲ್ಲಿ ಯಾವುದಿದ್ದರೂ ಒಂದೇ. ಯಾವ ಜಮೀನು, ಯಾವ ದ್ರಾಕ್ಷಿ, ಹೆಕ್ಟೇರಿಗೆ ಎಷ್ಟು ಇಳುವರಿ, ಕನಿಷ್ಠ ಎಷ್ಟು ಆಲ್ಕೋಹಾಲ್ ಎಲ್ಲದಕ್ಕೂ ನಿಯಮ ಇರುತ್ತದೆ.

ಐಜಿಪಿ: ಪ್ರದೇಶ ದೊಡ್ಡದು, ನಿಯಮ ಸಡಿಲ. ಮೊದಲು ಇದನ್ನು 'ವ್ಯಾಂ ದ ಪೇಯಿ', ಅಂದರೆ ಸೀಮೆಯ ವೈನ್ ಅನ್ನುತ್ತಿದ್ದರು. ದಕ್ಷಿಣದ 'ಪೇಯಿ ದೋಕ್' ಇದರಲ್ಲಿ ತುಂಬಾ ಪರಿಚಿತ ಹೆಸರು. ಇಲ್ಲಿ ದ್ರಾಕ್ಷಿಯ ಹೆಸರು ಸಾಮಾನ್ಯವಾಗಿ ಲೇಬಲ್ ಮೇಲೇ ಇರುತ್ತದೆ. ಹೊಸಬರಿಗೆ ಒಳ್ಳೆಯ ಅನುಕೂಲ.

ವ್ಯಾಂ ದ ಫ್ರಾಂಸ್: ದ್ರಾಕ್ಷಿ ಫ್ರಾನ್ಸಿನದು ಎಂಬುದಷ್ಟೇ ಖಚಿತ. ಯಾವ ಮೂಲೆಯದಾದರೂ ಆಗಬಹುದು, ಬೇರೆ ಬೇರೆ ಪ್ರದೇಶದ್ದು ಬೆರೆತಿರಬಹುದು.

ಈ ಕಾನೂನು ಸುಮ್ನೆ ಬಂದದ್ದಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಗೆ ಫಿಲಾಕ್ಸೆರಾ ಎಂಬ ಹೇನು ಬೇರು ಹಿಡಿದು ಫ್ರಾನ್ಸಿನ ದ್ರಾಕ್ಷಿ ತೋಟಗಳನ್ನು ಹಾಳು ಮಾಡಿತು. ವೈನಿಗೆ ಅಭಾವ ಬಂತು, ಎಲ್ಲಿಯದನ್ನೋ ತಂದು ಹೆಸರಾಂತ ಊರಿನ ಹೆಸರಲ್ಲಿ ಮಾರುವುದು ಶುರುವಾಯಿತು. ಶಾತೋನೆಫ್ ದ್ಯು ಪಾಪ್ ಊರಿನ ಬೆಳೆಗಾರರು 1920ರ ದಶಕದಲ್ಲಿ ಬ್ಯಾರನ್ ಪಿಯೆರ್ ಲ ರುವಾ ಅವರ ಮುಂದಾಳತ್ವದಲ್ಲಿ ತಮಗೆ ತಾವೇ ನಿಯಮ ಹಾಕಿಕೊಂಡು ಊರಿನ ಹೆಸರಿಗಾಗಿ ಕೋರ್ಟಿನಲ್ಲಿ ಹೋರಾಡಿದರು. 1935ರಲ್ಲಿ ಇಡೀ ದೇಶಕ್ಕೆ ಎಒಸಿ ಕಾನೂನು ಬಂತು. ಬೆಳೆದವರು ತಮ್ಮ ಊರಿನ ಹೆಸರನ್ನು ಉಳಿಸಿಕೊಳ್ಳಲು ಮಾಡಿದ ಕೆಲಸ ಇದು. ಆ ಸಾಲನ್ನು ಓದುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಎಚ್ಚರಿಕೆ: ಎಒಸಿ ಎಂದರೆ 'ರುಚಿ ಚೆನ್ನಾಗಿದೆ' ಎಂಬ ಸರ್ಟಿಫಿಕೇಟ್ ಅಲ್ಲ. ನಿಯಮದ ಪ್ರಕಾರ ಆ ಊರಲ್ಲೇ ಆದದ್ದು ಎಂಬ ಖಾತರಿ ಮಾತ್ರ. ಸಾಧಾರಣ ಎಒಸಿ ವೈನುಗಳೂ ಇವೆ. ನಿಯಮಕ್ಕೆ ಒಗ್ಗದೆ ಬೇಕೆಂದೇ ವ್ಯಾಂ ದ ಫ್ರಾಂಸ್ ಹೆಸರಲ್ಲಿ ಮಾರುವ ಒಳ್ಳೆಯ ತಯಾರಕರೂ ಇದ್ದಾರೆ.

ಹಂತ 2: ವಿಳಾಸ ಎಷ್ಟು ಕಿರಿದು ಅಂತ ನೋಡಿ

ವಿಳಾಸ ಕಿರಿದಾದಷ್ಟೂ ನಿಯಮ ಬಿಗಿ, ಬೆಲೆಯೂ ಸಾಮಾನ್ಯವಾಗಿ ಜಾಸ್ತಿ. ಬೋರ್ಡೋ ಸೀಮೆಯನ್ನೇ ತೆಗೆದುಕೊಳ್ಳಿ. ಬರೀ 'ಬೋರ್ಡೋ' ಅಂತಿದ್ದರೆ ಅದು ಜಿಲ್ಲೆಯ ಹೆಸರು ಅಂದುಕೊಳ್ಳಿ. 'ಓ ಮೆಡೊಕ್' ಅಂತಿದ್ದರೆ ತಾಲ್ಲೂಕು. 'ಪೊಯಾಕ್' ಅಂತಿದ್ದರೆ ಊರು. ಬರ್ಗಂಡಿಯಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಸರ್ವೆ ನಂಬರಿನ ತನಕ ಇಳಿಯುತ್ತದೆ. ಅಲ್ಲಿ ಒಂದೊಂದು ಹೊಲಕ್ಕೂ ಹೆಸರಿದೆ. ಬರ್ಗಂಡಿ ಎಂಬುದು ಇಂಗ್ಲಿಷಿನವರು ಇಟ್ಟ ಹೆಸರು. ಲೇಬಲ್ ಮೇಲೆ ಬೂರ್ಗೋಞ್ ಎಂದೇ ಇರುತ್ತದೆ.

ಎಚ್ಚರಿಕೆ: ಹತ್ತಿರ ಹತ್ತಿರದ ಹೆಸರುಗಳಿಗೆ ಮೋಸ ಹೋಗಬೇಡಿ. ಪೂಯಿ ಫ್ಯುಮೆ ಲ್ವಾರ್ ನದಿಯ ದಡದ ಸೊವಿನ್ಯೋಂ ಬ್ಲಾಂ. ಪೂಯಿ ಫ್ಯುಯಿಸೆ ಬರ್ಗಂಡಿಯ ಶಾರ್ಡೊನೆ. ರುಚಿಯೇ ಬೇರೆ. ಮಸ್ಕಾಡೆ ಎಂಬುದು ಲ್ವಾರ್ ನದಿ ಸಮುದ್ರ ಸೇರುವ ಕಡೆಯ ಹುಳಿ ಮುಂದಾದ ಬಿಳಿ ವೈನ್. ಘಮಘಮಿಸುವ ಮಸ್ಕಾ ದ್ರಾಕ್ಷಿಗೂ ಅದಕ್ಕೂ ಸಂಬಂಧವೇ ಇಲ್ಲ.

ಹಂತ 3: ಊರಿನಿಂದ ದ್ರಾಕ್ಷಿ ತಿಳಿಯಿರಿ

ಇದನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಬೇಕಾದಾಗ ತೆರೆದು ನೋಡಿದರೆ ಸಾಕು.

- ಬೋರ್ಡೋ ಕೆಂಪು: ಕಾಬೆರ್ನೆ ಸೊವಿನ್ಯೋಂ, ಮೆರ್ಲೋ ಮುಂತಾದವುಗಳ ಮಿಶ್ರಣ. ನದಿಯ ಎಡದಂಡೆಯ ಮೆಡೊಕ್ ಕಡೆ ಕಾಬೆರ್ನೆ ಮುಂದು, ಒಗರು ಜಾಸ್ತಿ. ಬಲದಂಡೆಯ ಸೇಂಟ್ ಎಮಿಲಿಯೋಂ, ಪೊಮೆರೋಲ್ ಕಡೆ ಮೆರ್ಲೋ ಮುಂದು, ಸ್ವಲ್ಪ ಮೆದು.
- ಬರ್ಗಂಡಿ: ಕೆಂಪಿಗೆ ಪಿನೋ ನ್ವಾರ್, ಬಿಳಿಗೆ ಶಾರ್ಡೊನೆ. ಶಾಬ್ಲಿ ಕೂಡ ಇಲ್ಲಿಗೇ ಸೇರಿದ್ದು, ಅದೂ ಶಾರ್ಡೊನೆಯೇ.
- ಬೋಜೊಲೆ: ಗಾಮೆ. ಹಗುರ, ಒಗರು ಕಡಿಮೆ.
- ರೋನ್ ನದಿಯ ಉತ್ತರ ಭಾಗ: ಕೆಂಪಿಗೆ ಸಿರಾ. ದಕ್ಷಿಣ ಭಾಗ: ಗ್ರೆನಾಶ್ ಮುಂದಾದ ಮಿಶ್ರಣ.
- ಲ್ವಾರ್: ಸಾನ್ಸೆರ್‌ನ ಬಿಳಿ ಸೊವಿನ್ಯೋಂ ಬ್ಲಾಂ, ವೂವ್ರೆ ಶೆನಿನ್, ಶಿನೋಂ ಊರಿನ ಕೆಂಪು ಕಾಬೆರ್ನೆ ಫ್ರಾಂ.
- ಶಾಂಪೇನ್: ಮುಖ್ಯವಾಗಿ ಶಾರ್ಡೊನೆ, ಪಿನೋ ನ್ವಾರ್, ಮೆನ್ಯೇ. 'ಬ್ಲಾಂ ದ ಬ್ಲಾಂ' ಅಂತಿದ್ದರೆ ಬರೀ ಬಿಳಿ ದ್ರಾಕ್ಷಿಯಿಂದ ಮಾಡಿದ್ದು. 'ಬ್ಲಾಂ ದ ನ್ವಾರ್' ಅಂದರೆ ಕಪ್ಪು ದ್ರಾಕ್ಷಿಯ ಬಿಳಿ ವೈನ್.

ಅಲ್ಸಾಸ್ ಇದಕ್ಕೆಲ್ಲ ಹೊರತು. ಜರ್ಮನಿಯ ಗಡಿಯ ಈ ಸೀಮೆಯಲ್ಲಿ ದ್ರಾಕ್ಷಿಯ ಹೆಸರು ಲೇಬಲ್ ಮೇಲೇ ಇರುತ್ತದೆ: ರೀಸ್ಲಿಂಗ್, ಗೆವುರ್ಟ್ಸ್‌ಟ್ರಾಮಿನರ್, ಪಿನೋ ಗ್ರಿ. ಬಾಟಲಿಯೂ ಉದ್ದವಾಗಿ, ಸಪೂರವಾಗಿ ಇರುವುದರಿಂದ ದೂರದಿಂದಲೇ ಗುರುತು ಸಿಗುತ್ತದೆ.

ಹಂತ 4: 'ಕ್ರು' ಎಂಬ ಪದದ ಹತ್ತಿರ ನಿಧಾನಿಸಿ

ಜನ ಎಡವುವುದು ಇಲ್ಲೇ. ಕ್ರು ಅಂದರೆ ಬೆಳೆದ ಜಾಗ. 'ಗ್ರಾಂ ಕ್ರು' ಅಂದರೆ ದೊಡ್ಡ ಜಾಗ, 'ಪ್ರೀಮಿಯೆ ಕ್ರು' ಅಂದರೆ ಮೊದಲ ಜಾಗ. ಆದರೆ ಈ ಪದಗಳಿಗೆ ಒಂದೊಂದು ಸೀಮೆಯಲ್ಲಿ ಒಂದೊಂದು ಅರ್ಥ. ಸೀಮೆ ತಿಳಿಯದೆ ಈ ಪದವನ್ನು ನಂಬಬೇಡಿ.

ಬರ್ಗಂಡಿಯಲ್ಲಿ ದರ್ಜೆ ಸಿಗುವುದು ಮಣ್ಣಿಗೆ. ಮೆಟ್ಟಿಲು ನಾಲ್ಕು: ಸೀಮೆ, ಊರು, ಪ್ರೀಮಿಯೆ ಕ್ರು, ಗ್ರಾಂ ಕ್ರು. ತುದಿಯ ಗ್ರಾಂ ಕ್ರು ಹೊಲಗಳು ಒಟ್ಟು 33. ಅಲ್ಲಿನ ಉತ್ಪಾದನೆಯಲ್ಲಿ ಅವುಗಳ ಪಾಲು ನೂರಕ್ಕೆ ಒಂದು ಭಾಗದ ಆಸುಪಾಸು. ಪ್ರೀಮಿಯೆ ಕ್ರು ಆದರೆ ಲೇಬಲ್ ಮೇಲೆ ಊರಿನ ಹೆಸರು, ಅದರ ಜೊತೆಗೆ '1' ಅಂಕಿ ಮತ್ತು ಪಕ್ಕದಲ್ಲಿ ಇ, ಆರ್ ಎಂಬ ಎರಡು ಅಕ್ಷರ ಇರುತ್ತವೆ. ಗ್ರಾಂ ಕ್ರು ಆದರೆ ಊರಿನ ಹೆಸರೇ ಬೇಕಿಲ್ಲ, ಹೊಲದ ಹೆಸರೊಂದೇ ಸಾಕು.

ಗೊಂದಲ ಎಲ್ಲಿ ಬರುತ್ತದೆ ಅಂದರೆ, ಊರುಗಳು ತಮ್ಮ ಹೆಸರಾಂತ ಹೊಲದ ಹೆಸರನ್ನು ಬಾಲಕ್ಕೆ ಸೇರಿಸಿಕೊಂಡಿವೆ. ಜೆವ್ರೆ ಎಂಬ ಊರು 1847ರಲ್ಲಿ ಶಾಂಬೆರ್ತ್ಯಾಂ ಹೊಲದ ಹೆಸರನ್ನು ಸೇರಿಸಿಕೊಂಡು 'ಜೆವ್ರೆ-ಶಾಂಬೆರ್ತ್ಯಾಂ' ಆಯಿತು. ಈಗ ನೋಡಿ. 'ಶಾಂಬೆರ್ತ್ಯಾಂ' ಅಂತಷ್ಟೇ ಇದ್ದರೆ ಗ್ರಾಂ ಕ್ರು. 'ಜೆವ್ರೆ-ಶಾಂಬೆರ್ತ್ಯಾಂ' ಇದ್ದರೆ ಊರಿನ ಮಟ್ಟದ ವೈನ್. 'ಶಾರ್ಮ್-ಶಾಂಬೆರ್ತ್ಯಾಂ' ಇದ್ದರೆ? ಅದು ಮತ್ತೆ ಗ್ರಾಂ ಕ್ರು, ಯಾಕಂದರೆ ಶಾರ್ಮ್ ಎಂಬುದು ಪಕ್ಕದ ಇನ್ನೊಂದು ಹೊಲ. ಮೂರರ ಬೆಲೆಯಲ್ಲಿ ಭಾರಿ ಅಂತರ ಇರುತ್ತದೆ. ಹಣ ಕೊಡುವ ಮೊದಲು ಆಪೆಲಾಸಿಯೋಂ ಸಾಲನ್ನು ಇನ್ನೊಮ್ಮೆ ಓದಿ.

ಇಲ್ಲಿ ಹೊಲ ಒಂದೇ ಆದರೂ ಮಾಲೀಕರು ಹಲವರು. ಕ್ಲೋ ದ ವೂಜೋ ಎಂಬ ಗ್ರಾಂ ಕ್ರು ಹೊಲ ಸುಮಾರು 50 ಹೆಕ್ಟೇರ್. ಅದನ್ನು ಹಂಚಿಕೊಂಡವರು 80 ಮಂದಿಯ ಹತ್ತಿರ. ಹಾಗಾಗಿ ಬರ್ಗಂಡಿಯಲ್ಲಿ ಹೊಲದ ಹೆಸರಿನಷ್ಟೇ ತಯಾರಕರ ಹೆಸರೂ ಮುಖ್ಯ.

ಬೋರ್ಡೋ ಕಡೆ ಲೆಕ್ಕವೇ ಬೇರೆ. ಅಲ್ಲಿ ದರ್ಜೆ ಸಿಗುವುದು ಎಸ್ಟೇಟಿಗೆ, ಅಂದರೆ 'ಶಾತೋ'ಗೆ. 1855ರಲ್ಲಿ ಪ್ಯಾರಿಸ್‌ನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಮೂರನೇ ನೆಪೋಲಿಯನ್ ಕಾಲ. ಅದಕ್ಕಾಗಿ ಬೋರ್ಡೋದ ವೈನ್ ದಲ್ಲಾಳಿಗಳು ಮಾರುಕಟ್ಟೆಯಲ್ಲಿ ಸಿಗುತ್ತಿದ್ದ ಬೆಲೆ ನೋಡಿ ಒಂದು ಪಟ್ಟಿ ಮಾಡಿಕೊಟ್ಟರು. ಕೆಂಪು ವೈನಿಗೆ ಐದು ದರ್ಜೆ. ಪಟ್ಟಿಯಲ್ಲಿ ಇರುವವೆಲ್ಲ ಮೆಡೊಕ್ ಕಡೆಯವು, ಗ್ರಾವ್ ಸೀಮೆಯ ಓ ಬ್ರಿಯೋಂ ಒಂದನ್ನು ಬಿಟ್ಟು. ಮೊದಲ ದರ್ಜೆಯಲ್ಲಿ ಲಾಫೀತ್, ಲಾತೂರ್, ಮಾರ್ಗೋ, ಓ ಬ್ರಿಯೋಂ ಇದ್ದವು. 1973ರಲ್ಲಿ ಮೂತೋಂ ರೋಥ್‌ಶೀಲ್ಡ್ ಎರಡನೇ ದರ್ಜೆಯಿಂದ ಮೇಲೇರಿತು. ಅದು ಬಿಟ್ಟರೆ ಪಟ್ಟಿ ಹೆಚ್ಚು ಅಲುಗಾಡಿಲ್ಲ.

ಎಚ್ಚರಿಕೆ: ಲೇಬಲ್ ಮೇಲೆ 'ಗ್ರಾಂ ಕ್ರು ಕ್ಲಾಸೆ ಆಂ 1855' ಅಂತಿದ್ದರೆ ಪಟ್ಟಿಯಲ್ಲಿದೆ ಎಂದಷ್ಟೇ ಗೊತ್ತಾಗುತ್ತದೆ. ಎರಡನೆಯದೋ ಐದನೆಯದೋ ಅಂತ ಎಷ್ಟೋ ಬಾಟಲಿಗಳ ಮೇಲೆ ಬರೆದಿರುವುದಿಲ್ಲ. ದರ್ಜೆಯನ್ನು ಫೋನಿನಲ್ಲೇ ಹುಡುಕಬೇಕು.

ಬಲದಂಡೆಯ ಸೇಂಟ್ ಎಮಿಲಿಯೋಂ ತನ್ನದೇ ಪಟ್ಟಿಯನ್ನು 1955ರಲ್ಲಿ ಮಾಡಿಕೊಂಡಿತು. ಸುಮಾರು ಹತ್ತು ವರ್ಷಕ್ಕೊಮ್ಮೆ ಅದನ್ನು ಪರಿಷ್ಕರಿಸುತ್ತಾರೆ. 2022ರ ಪಟ್ಟಿಯಲ್ಲಿ ತುದಿಯಲ್ಲಿ ನಿಂತವು ಪಾವಿ ಮತ್ತು ಫಿಜಾಕ್. ಶೆವಾಲ್ ಬ್ಲಾಂ, ಓಜೋನ್, ಆಂಜೆಲ್ಯುಸ್ ಎಂಬ ದೊಡ್ಡ ಹೆಸರುಗಳು ಅದಕ್ಕೂ ಮೊದಲೇ ಹೊರಗೆ ಬಂದಿದ್ದವು. ಹಾಗಾಗಿ ಪಟ್ಟಿಯಲ್ಲಿ ಇಲ್ಲ ಎಂದಾಕ್ಷಣ ಕಡಿಮೆ ಅಂತ ಅಲ್ಲ. ಪಕ್ಕದ ಪೊಮೆರೋಲ್‌ಗೆ ಪಟ್ಟಿಯೇ ಇಲ್ಲ. ಜಗತ್ತಿನ ಅತಿ ದುಬಾರಿ ವೈನುಗಳಲ್ಲಿ ಒಂದಾದ ಪೆತ್ರ್ಯುಸ್ ಅಲ್ಲಿಯದೇ.

ಇನ್ನೂ ದೊಡ್ಡ ಗುಂಡಿ ಇಲ್ಲಿದೆ. 'ಸೇಂಟ್ ಎಮಿಲಿಯೋಂ ಗ್ರಾಂ ಕ್ರು' ಎಂಬುದು ಬರೀ ಆಪೆಲಾಸಿಯೋಂ ಹೆಸರು. ಇಳುವರಿ, ಪಕ್ವತೆಯ ನಿಯಮ ಸ್ವಲ್ಪ ಬಿಗಿ, ಅಷ್ಟೇ. ನೂರಾರು ಎಸ್ಟೇಟುಗಳು ಅದನ್ನು ಬಳಸುತ್ತವೆ. ಕೊನೆಗೆ 'ಕ್ಲಾಸೆ' ಎಂಬ ಪದ ಇದ್ದರೆ ಮಾತ್ರ ಪಟ್ಟಿಯಲ್ಲಿರುವ ಎಸ್ಟೇಟ್. ಒಂದೇ ಪದದ ವ್ಯತ್ಯಾಸ.

ಉಳಿದ ಕಡೆ ಬೇಗ ಹೇಳಿ ಮುಗಿಸುತ್ತೇನೆ. ಅಲ್ಸಾಸ್‌ನಲ್ಲಿ 51 ಗ್ರಾಂ ಕ್ರು ಹೊಲಗಳಿವೆ. ಶಾಂಪೇನ್‌ನಲ್ಲಿ ಗ್ರಾಂ ಕ್ರು ಅಂದರೆ ಇಡೀ ಊರು, ಅಂಥವು 17. ಬೋಜೊಲೆಯಲ್ಲಿ ಕ್ರು ಅಂದರೆ ಹತ್ತು ಹೆಸರುಗಳು. ಮೊರ್ಗೋಂ, ಫ್ಲರಿ, ಮೂಲ್ಯಾಂ ಆ ವಾಂ ಅವುಗಳಲ್ಲಿ ಕೆಲವು. ಎಷ್ಟೋ ಬಾಟಲಿಗಳಲ್ಲಿ ಬೋಜೊಲೆ ಎಂಬ ಪದವೇ ಮುಂದೆ ಕಾಣುವುದಿಲ್ಲ. ಕಡಿಮೆ ಬೆಲೆಗೆ ಒಳ್ಳೆಯ ಫ್ರೆಂಚ್ ಕೆಂಪು ವೈನ್ ಕೇಳಿದವರಿಗೆ ನಾನು ಮೊದಲು ಹೇಳುವುದು ಈ ಹತ್ತು ಹೆಸರುಗಳನ್ನೇ.

ಹಂತ 5: ಬಾಟಲಿಗೆ ತುಂಬಿದವರು ಯಾರು?

ಎಂ, ಐ, ಎಸ್ ಎಂಬ ಮೂರು ಅಕ್ಷರದ ಪದದಿಂದ ಶುರುವಾಗುವ ಸಾಲು ಹುಡುಕಿ: 'ಮಿ ಜಾಂ ಬುತೇಯ್'. ಬಾಟಲಿಗೆ ತುಂಬಿದ್ದು ಎಂದರ್ಥ. ಅದರ ಮುಂದೆ 'ಓ ಶಾತೋ', 'ಓ ದೊಮೇನ್' ಅಂತಿದ್ದರೆ ಬೆಳೆದವರ ಎಸ್ಟೇಟಿನಲ್ಲೇ ತುಂಬಿದ್ದು. ಸಹಕಾರ ಸಂಘಗಳ ಬಾಟಲಿ ಮೇಲೆ 'ಆ ಲಾ ಪ್ರೊಪ್ರಿಯೆತೆ' ಅಂತ ಕಾಣಬಹುದು. 'ನೆಗೋಸಿಯಾಂ' ಅಂದರೆ ರೈತರಿಂದ ದ್ರಾಕ್ಷಿಯನ್ನೋ ತಯಾರಾದ ವೈನನ್ನೋ ಕೊಂಡು ತಮ್ಮ ಹೆಸರಲ್ಲಿ ಮಾರುವ ವರ್ತಕರು. ಅವರನ್ನು ಹಗುರವಾಗಿ ನೋಡಬೇಡಿ. ಬರ್ಗಂಡಿಯಲ್ಲಿ ತಲೆತಲಾಂತರದಿಂದ ಒಳ್ಳೆಯ ವೈನ್ ಕೊಡುತ್ತಿರುವ ವರ್ತಕ ಮನೆತನಗಳಿವೆ.

ಶಾಂಪೇನ್ ಬಾಟಲಿಯಲ್ಲಿ ಇದನ್ನು ಎರಡು ಅಕ್ಷರದಲ್ಲಿ ಹೇಳುತ್ತಾರೆ. ಲೇಬಲಿನ ಅಂಚಿನಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣದಾಗಿ ಇರುತ್ತದೆ. ಎನ್‌ಎಂ ಅಂದರೆ ದ್ರಾಕ್ಷಿ ಕೊಂಡು ಮಾಡುವ ಕಂಪನಿ. ಆರ್‌ಎಂ ಅಂದರೆ ಸ್ವಂತ ತೋಟದ ದ್ರಾಕ್ಷಿಯಿಂದ ಮಾಡುವ ಬೆಳೆಗಾರರು. ಸಿಎಂ ಅಂದರೆ ಸಹಕಾರ ಸಂಘ. ಎಂಎ ಅಂದರೆ ಯಾರೋ ಮಾಡಿದ್ದಕ್ಕೆ ಅಂಗಡಿಯವರು ತಮ್ಮ ಹೆಸರು ಹಾಕಿಸಿಕೊಂಡದ್ದು.

ಹಂತ 6: ಇಸವಿ ಮತ್ತು ಸಿಹಿ

ಇಸವಿ ಅಂದರೆ ದ್ರಾಕ್ಷಿ ಕೊಯ್ದ ವರ್ಷ. ಫ್ರೆಂಚಿನಲ್ಲಿ 'ಮಿಲೆಸಿಮ್'. ಕನಿಷ್ಠ ಶೇ 85ರಷ್ಟು ವೈನ್ ಆ ವರ್ಷದ್ದೇ ಆಗಿರಬೇಕು ಎಂಬುದು ಯುರೋಪಿನ ನಿಯಮ. ಶಾಂಪೇನ್ ಮೇಲೆ ಇಸವಿ ಇಲ್ಲದಿದ್ದರೆ ಗಾಬರಿ ಬೇಡ. ಹಲವು ವರ್ಷದ ವೈನ್ ಬೆರೆಸಿ ಮಾಡುವುದೇ ಅಲ್ಲಿನ ರೂಢಿ.

ಇನ್ನೊಂದು ತಪ್ಪು ಕಲ್ಪನೆ: ಹಳೆಯದಾದಷ್ಟೂ ಒಳ್ಳೆಯದು. ಸಾಮಾನ್ಯ ಬೋರ್ಡೋ, ಪ್ರೊವಾನ್ಸ್‌ನ ಗುಲಾಬಿ ಬಣ್ಣದ ರೋಸೆ, ಮಸ್ಕಾಡೆ ಇವನ್ನೆಲ್ಲ ಬೇಗ ಕುಡಿಯಲೆಂದೇ ಮಾಡುತ್ತಾರೆ. ನಮ್ಮ ಸೆಕೆಯಲ್ಲಿ ಷೋಕೇಸಿನಲ್ಲಿ ಐದಾರು ವರ್ಷ ನಿಲ್ಲಿಸಿದರೆ ಕೆಡುತ್ತದೆ.

ಸಿಹಿಯ ಪದಗಳು ಹೀಗಿವೆ. 'ಸೆಕ್' ಅಂದರೆ ಸಿಹಿ ಇಲ್ಲದ್ದು. 'ದೆಮಿ ಸೆಕ್' ಅಂದರೆ ತುಸು ಸಿಹಿ. 'ಮ್ವಾಲೆ' ಅಂದರೆ ಸಿಹಿ, 'ದೂ' ಅಂದರೆ ತುಂಬಾ ಸಿಹಿ. ಸೊಟೆರ್ನ್ ಎಂಬ ಹೆಸರು ಕಂಡರೆ ಈ ಪದ ಯಾವುದೂ ಬೇಕಿಲ್ಲ, ಅದು ಜೇನಿನ ಹಾಗೆ ಸಿಹಿ. ಅಲ್ಸಾಸ್‌ನಲ್ಲಿ 'ವಾಂದಾಂಜ್ ತಾರ್ದೀವ್' ಅಂದರೆ ತಡವಾಗಿ ಕೊಯ್ದ, ಸಿಹಿ ತುಂಬಿದ ದ್ರಾಕ್ಷಿಯದು.

ಎಚ್ಚರಿಕೆ: ನೊರೆ ಬರುವ ವೈನಿನಲ್ಲಿ ಈ ಪದಗಳ ಅಳತೆ ಬದಲಾಗುತ್ತದೆ. ಶಾಂಪೇನ್ 'ಬ್ರ್ಯುತ್' ಅಂದರೆ ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ. 'ಎಕ್ಸ್‌ಟ್ರಾ ಡ್ರೈ' ಅಂದರೆ 12ರಿಂದ 17 ಗ್ರಾಂ, ಅಂದರೆ ಬ್ರ್ಯುತ್‌ಗಿಂತ ಸಿಹಿ ಜಾಸ್ತಿ! 'ಸೆಕ್' ಅಂದರೆ 17ರಿಂದ 32. 'ದೆಮಿ ಸೆಕ್' ಅಂದರೆ 32ರಿಂದ 50, ಸಿಹಿತಿಂಡಿ ಜೊತೆ ಕುಡಿಯುವಂಥದ್ದು. ಸಿಹಿ ಬೇಡವೇ ಬೇಡ ಅನ್ನುವವರು 'ಬ್ರ್ಯುತ್ ನಾತ್ಯುರ್' ನೋಡಿ, ಅದರಲ್ಲಿ 3 ಗ್ರಾಂಗಿಂತ ಕಡಿಮೆ.

ಹಂತ 7: ತೂಕವಿಲ್ಲದ ಪದಗಳನ್ನು ದಾಟಿ ಹೋಗಿ

'ಗ್ರಾಂ ವ್ಯಾಂ', ಅಂದರೆ ದೊಡ್ಡ ವೈನ್, ಎಂಬುದು ದರ್ಜೆಯಲ್ಲ. 'ವಿಯೆಯ್ ವೀಞ್' ಅಂದರೆ ಹಳೆಯ ಬಳ್ಳಿಗಳು. ಎಷ್ಟು ವರ್ಷ ಆದರೆ ಹಳೆಯದು ಅಂತ ಕಾನೂನು ಹೇಳಿಲ್ಲ. 'ಕ್ಯುವೆ' ಅಂದರೆ ಒಂದು ಬಗೆ ಅಥವಾ ಒಂದು ಬ್ಯಾಚ್, ಅದರ ಮುಂದೆ 'ಸ್ಪೆಸಿಯಾಲ್' ಸೇರಿದರೂ ಅಷ್ಟೇ. 'ರೆಸೆರ್ವ್' ಎಂಬ ಪದಕ್ಕೆ ಸ್ಪೇನಿನಲ್ಲಿ ಇಷ್ಟು ವರ್ಷ ಇಟ್ಟದ್ದು ಎಂಬ ಕಟ್ಟುನಿಟ್ಟಿದೆ, ಫ್ರಾನ್ಸಿನಲ್ಲಿ ಇಲ್ಲ. 'ಶಾತೋ' ಎಂಬ ಪದಕ್ಕೆ ಮಾತ್ರ ತೂಕವಿದೆ, ದ್ರಾಕ್ಷಿ ಆ ಎಸ್ಟೇಟಿನದೇ ಆಗಿರಬೇಕು. ಆದರೆ ಅಲ್ಲಿ ಕೋಟೆ, ಅರಮನೆ ಇರಲೇಬೇಕು ಅಂತೇನಿಲ್ಲ. ಹಂಚಿನ ಮನೆ, ಒಂದು ಶೆಡ್ಡು ಇದ್ದರೂ ಶಾತೋನೇ.

ಈಗ ಒಂದು ಲೇಬಲ್ ಓದೋಣ

ನಿಮ್ಮ ಕೈಯಲ್ಲಿ ಹೀಗೊಂದು ಬಾಟಲಿ ಇದೆ ಅಂದುಕೊಳ್ಳಿ. ಮೇಲುಗಡೆ ಚಿನ್ನದ ಬಣ್ಣದಲ್ಲಿ 'ಗ್ರಾಂ ವ್ಯಾಂ ದ ಬೋರ್ಡೋ'. ಅದರ ಕೆಳಗೆ ಬಂಗಲೆಯ ಚಿತ್ರ, ಶಾತೋ ಹೆಸರು. ಆಮೇಲೆ 2018. ಅದರ ಕೆಳಗೆ 'ಸೇಂಟ್ ಎಮಿಲಿಯೋಂ ಗ್ರಾಂ ಕ್ರು'. ಇನ್ನೂ ಸಣ್ಣದಾಗಿ 'ಆಪೆಲಾಸಿಯೋಂ ಸೇಂಟ್ ಎಮಿಲಿಯೋಂ ಗ್ರಾಂ ಕ್ರು ಕೋಂತ್ರೋಲೆ'. ತಳದಲ್ಲಿ 'ಮಿ ಜಾಂ ಬುತೇಯ್ ಓ ಶಾತೋ', ಶೇ 14 ಆಲ್ಕೋಹಾಲ್, 750 ಮಿಲಿಲೀಟರ್.

ಚಿನ್ನದ ಸಾಲನ್ನು ಬಿಡಿ, ತೂಕವಿಲ್ಲ. ಆಪೆಲಾಸಿಯೋಂ ಸಾಲಿಗೆ ಬನ್ನಿ. ಬಲದಂಡೆಯ ಊರು, ಹಾಗಾಗಿ ಮೆರ್ಲೋ ಮುಂದಾದ ಕೆಂಪು, ಸಿಹಿ ಇಲ್ಲದ್ದು. 'ಗ್ರಾಂ ಕ್ರು' ಇದೆ, 'ಕ್ಲಾಸೆ' ಇದೆಯಾ? ಇಲ್ಲ. ಅಂದರೆ ಪಟ್ಟಿಯ ಎಸ್ಟೇಟ್ ಅಲ್ಲ, ಪಟ್ಟಿಯವರ ಬೆಲೆ ಕೇಳಿದರೆ ಕೊಡಬೇಡಿ. ಬೆಳೆದವರೇ ತುಂಬಿದ್ದಾರೆ, ಒಳ್ಳೆಯದು. 2018ರದ್ದು, ಆಲ್ಕೋಹಾಲ್ ಶೇ 14, ಹಾಗಾಗಿ ಮೈತುಂಬಿದ ವೈನ್. ಅರ್ಧ ಗಂಟೆ ಮೊದಲೇ ತೆರೆದು ಜಗ್ಗಿಗೆ ಬಗ್ಗಿಸಿಟ್ಟರೆ ಚೆನ್ನ.

ಬಾಟಲಿ ತಿರುಗಿಸಿ. ತುಂಬಿದವರ ವಿಳಾಸ, ಬ್ಯಾಚ್ ನಂಬರ್, ಗರ್ಭಿಣಿಯರು ಕುಡಿಯಬಾರದು ಎಂಬ ಚಿತ್ರ, 'ಸಲ್ಫೈಟ್ ಇದೆ' ಎಂಬ ಸಾಲು ಕಾಣುತ್ತವೆ. ಸಲ್ಫೈಟ್ ಅಂದರೆ ವೈನ್ ಕೆಡದಂತೆ ಕಾಯುವ ಗಂಧಕದ ವಸ್ತು. ಲೀಟರಿಗೆ 10 ಮಿಲಿಗ್ರಾಂ ಮೀರಿದರೆ ಬರೆಯಲೇಬೇಕು. ಹಾಗಾಗಿ ಇದು ಹೆಚ್ಚುಕಡಿಮೆ ಎಲ್ಲ ಬಾಟಲಿಯಲ್ಲೂ ಇರುತ್ತದೆ. ಆಸ್ತಮಾ ಇರುವ ಕೆಲವರಿಗೆ ಇದು ಆಗುವುದಿಲ್ಲ, ಮನೆಗೆ ಬರುವವರನ್ನು ಕೇಳಿ ಬಡಿಸಿ. 2023ರ ಡಿಸೆಂಬರ್ 8ರ ನಂತರ ತಯಾರಾದ ವೈನ್ ಆದರೆ ಹಿಂದೆ ಕ್ಯೂಆರ್ ಕೋಡ್ ಸಿಗಬಹುದು. ಸ್ಕ್ಯಾನ್ ಮಾಡಿದರೆ ಏನೇನು ಹಾಕಿದ್ದಾರೆ, ಎಷ್ಟು ಕ್ಯಾಲೊರಿ ಎಂಬುದು ಫೋನಿನಲ್ಲೇ ತೆರೆದುಕೊಳ್ಳುತ್ತದೆ.

ಕುಡಿದು ಇಷ್ಟವಾದರೆ ಎರಡೂ ಲೇಬಲಿನ ಫೋಟೋ ತೆಗೆದಿಡಿ. ಮುಂದಿನ ಸಲ ಅಂಗಡಿಯಲ್ಲಿ ಅದೇ ಶಾತೋ ಸಿಗದಿದ್ದರೆ ಆಪೆಲಾಸಿಯೋಂ ಸಾಲನ್ನು ತೋರಿಸಿ, ಅದೇ ಊರಿನದು ಇನ್ನೊಂದು ಕೇಳಿ.